ಅಡ್ಡಸಾಲು, ಕಂಬಸಾಲು ಮತ್ತು ಒಂದು ಖಾಲಿ ಮನೆ

(ರಾಜಘಟ್ಟದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ. ಓದುಗರ ಅನುಕೂಲಕ್ಕಾಗಿ ಅಲ್ಪಸ್ವಲ್ಪ ತಿದ್ದಿ ಬರೆದಿದ್ದೇನೆ.)



ನಾನು ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವನು. ಗಣಿತದ ಪದವೀಧರನಲ್ಲ, ಗಣಕಯಂತ್ರದ ಇಂಜಿನಿಯರ್ ಅಂತೂ ಅಲ್ಲವೇ ಅಲ್ಲ. ಹೀಗಿರುವಾಗ 'ಕೋಷ್ಟಕದಿಂದ ಬೇಕಾದ ಸಾಲನ್ನು ಆರಿಸುವುದು ಹೇಗೆ' ಎಂಬ ವಿಷಯದ ಮೇಲೆ ನಾನೇಕೆ ಮಾತನಾಡಬೇಕು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ಈ ಕೆಲಸವನ್ನು ನಾನೊಮ್ಮೆ ತಪ್ಪಾಗಿ ಮಾಡಿದ್ದೇನೆ. ಆ ತಪ್ಪಿನ ಬೆಲೆಯನ್ನು ನಾನು ತೆರಲಿಲ್ಲ, ಒಬ್ಬ ಹುಡುಗ ತೆತ್ತ. ಅವನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಪಾಠ ಮುಗಿಸೋಣ.

ನಾವು ಸೇರಿರುವ ಈ ಊರಿನಿಂದಲೇ ಪ್ರಾರಂಭಿಸೋಣ. ರಾಜಘಟ್ಟದ ದಿಬ್ಬವನ್ನು ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ತ್ವ ವಿಭಾಗದವರು 2001ರಲ್ಲಿ ಅಗೆದಾಗ ಪ್ರಾಚೀನ ಬೌದ್ಧ ಚೈತ್ಯ ಮತ್ತು ವಿಹಾರದ ಅವಶೇಷಗಳು, ಮಣ್ಣಿನಿಂದ ಮಾಡಿದ ಪುಟ್ಟ ಪುಟ್ಟ ಹರಕೆಯ ಸ್ತೂಪಗಳು ಹೊರಬಂದವು. ಇದನ್ನು ನೀವೆಲ್ಲ ಬಲ್ಲಿರಿ. ಆದರೆ ಪುರಾತತ್ತ್ವದವರು ನೆಲವನ್ನು ಹೇಗೆ ಅಗೆಯುತ್ತಾರೆ ಎಂಬುದನ್ನು ಗಮನಿಸಿದ್ದೀರಾ? ಹಾರೆ ಹಿಡಿದು ಸಿಕ್ಕ ಕಡೆ ಅಗೆಯುವುದಿಲ್ಲ. ಮೊದಲು ದಾರ ಕಟ್ಟಿ ನೆಲವನ್ನು ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿ ಚೌಕಕ್ಕೂ ಒಂದು ಗುರುತು ಇಡುತ್ತಾರೆ. ಸಿಕ್ಕ ವಸ್ತು ಎಷ್ಟೇ ಚಿಕ್ಕದಾಗಿರಲಿ, ಅದು ಯಾವ ಚೌಕದ್ದು, ಯಾವ ಪದರದ್ದು ಎಂದು ಅಲ್ಲಿಯೇ ಬರೆದಿಡುತ್ತಾರೆ. ನಮ್ಮ ನಾಡಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರ್ ಅವರ ಹೆಸರು ಈ ಚೌಕ ಪದ್ಧತಿಗೆ ಇಂದಿಗೂ ಅಂಟಿಕೊಂಡಿದೆ. ಎಲ್ಲಿ ಸಿಕ್ಕಿತು ಎಂಬುದು ತಿಳಿಯದಿದ್ದರೆ ಸಿಕ್ಕ ವಸ್ತುವಿನ ಅರ್ಧ ಬೆಲೆ ಹೋದಂತೆ.

ಕೋಷ್ಟಕವೂ ಹೀಗೆಯೇ. ಅಡ್ಡಲಾಗಿ ಹೋಗುವುದು ಅಡ್ಡಸಾಲು, ಮೇಲಿನಿಂದ ಕೆಳಕ್ಕೆ ಇಳಿಯುವುದು ಕಂಬಸಾಲು. ಇವೆರಡೂ ಕೂಡುವ ಜಾಗವನ್ನು, ಚೌಕಾಬಾರದ ಹಲಗೆಯಲ್ಲಿ ಕರೆಯುವಂತೆ, ನಾನು 'ಮನೆ' ಎಂದು ಕರೆಯುತ್ತೇನೆ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ಬಂದ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಇನ್ನೂ ಸುಲಭ. ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಹಾಸು ಕಂಬಸಾಲು, ಹೊಕ್ಕು ಅಡ್ಡಸಾಲು. ಎರಡೂ ಸೇರಿದರೇ ಬಟ್ಟೆ.

ನಮ್ಮ ಶಾಲೆಯ ಕೋಷ್ಟಕದಲ್ಲಿ ಸಾಮಾನ್ಯವಾಗಿ ಒಂದು ಅಡ್ಡಸಾಲು ಎಂದರೆ ಒಂದು ಮಗು. ಒಂದು ಕಂಬಸಾಲು ಎಂದರೆ ಎಲ್ಲ ಮಕ್ಕಳಿಗೂ ನಾವು ಕೇಳಿದ ಒಂದೇ ಪ್ರಶ್ನೆ: ಕನ್ನಡದಲ್ಲಿ ಎಷ್ಟು, ಗಣಿತದಲ್ಲಿ ಎಷ್ಟು, ಹಾಜರಿ ಎಷ್ಟು. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ.

ಈಗ ಭಾಷೆಯ ವಿಷಯ. ಕೋಷ್ಟಕಗಳ ಜೊತೆ ಮಾತನಾಡಲೆಂದೇ ಹುಟ್ಟಿದ ಒಂದು ಗಣಕ ಭಾಷೆ ಇದೆ. ಅದರ ಹೆಸರು ಒಂದೇ ಅಕ್ಷರ: 'ಆರ್'. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಲ್ಲಿ 'ಎಸ್' ಎಂಬ ಭಾಷೆಯನ್ನು ಆರಂಭಿಸಿದರು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬುವರು ಅದೇ ಜಾಡಿನಲ್ಲಿ 'ಆರ್' ಭಾಷೆಯನ್ನು ಕಟ್ಟಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಅದೇ. 1995ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಅದರ 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಇದಕ್ಕೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಹಳೆಯ ಗಣಕಯಂತ್ರದಲ್ಲೂ ನಡೆಯುತ್ತದೆ. ಬಡ ಶಾಲೆಗೆ ಇದು ಸಣ್ಣ ಮಾತಲ್ಲ.

ಒಂದು ಚಿಕ್ಕ ಕೋಷ್ಟಕ ತೆಗೆದುಕೊಳ್ಳೋಣ. ಇದು ಪಾಠಕ್ಕಾಗಿ ನಾನೇ ಮಾಡಿಕೊಂಡದ್ದು. ಇದಕ್ಕೆ 'ಪಟ್ಟಿ' ಎಂದು ಹೆಸರಿಡೋಣ.

ರೋಲ್ | ಉರ್ದು | ಕನ್ನಡ | ಗಣಿತ | ಹಾಜರಿ
11 | 72 | 58 | 41 | 92
12 | 65 | 33 | 38 | 88
13 | 80 | 61 | 29 | 70
14 | 55 | 47 | — | 64
15 | 48 | 36 | 52 | 90

ಐದು ಮಕ್ಕಳು, ಐದು ಕಂಬಸಾಲು. ಅಂಕಗಳು ನೂರಕ್ಕೆ, ಹಾಜರಿ ಶೇಕಡಾವಾರು. ರೋಲ್ ನಂಬರ್ 14ರ ಮಗು ಗಣಿತದ ಪರೀಕ್ಷೆಯ ದಿನ ಬಂದಿರಲಿಲ್ಲ, ಆದ್ದರಿಂದ ಆ ಮನೆ ಖಾಲಿ. ಇದು ನೆನಪಿರಲಿ.

ಆರ್ ಭಾಷೆಯಲ್ಲಿ ಒಂದು ಮನೆಯನ್ನು ಕೇಳುವುದು ಹೀಗೆ: ಪಟ್ಟಿ[2, 3]. ಚೌಕ ಆವರಣದೊಳಗೆ ಮೊದಲು ಅಡ್ಡಸಾಲು, ಆಮೇಲೆ ಅಲ್ಪವಿರಾಮ, ಆಮೇಲೆ ಕಂಬಸಾಲು. ಎರಡನೆಯ ಮಗು, ಮೂರನೆಯ ಕಾಲಂ. ಉತ್ತರ 33. ಕಾಗದ ಹಂಚುವ ಅಂಚೆಯಣ್ಣ ಮೊದಲು ಗಲ್ಲಿ ನೋಡಿ ಆಮೇಲೆ ಮನೆ ನಂಬರ್ ನೋಡುತ್ತಾನಲ್ಲವೇ, ಹಾಗೆ. (ಇಲ್ಲಿ ನಾನು ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಯಂತ್ರದ ಮುಂದೆ ಕುಳಿತಾಗ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟುಕೊಂಡರೆ ತೊಡಕು ಕಡಿಮೆ.)

ಒಂದು ಬದಿಯನ್ನು ಖಾಲಿ ಬಿಟ್ಟರೆ 'ಎಲ್ಲವೂ' ಎಂದು ಅರ್ಥ. ಪಟ್ಟಿ[2, ] ಎಂದರೆ ಎರಡನೆಯ ಮಗುವಿನ ಇಡೀ ಸಾಲು. ಪಟ್ಟಿ[, 3] ಎಂದರೆ ಎಲ್ಲ ಮಕ್ಕಳ ಕನ್ನಡ ಅಂಕ: 58, 33, 61, 47, 36. ಇಲ್ಲಿ ಹೊಸಬರು ಎಡವುವ ಜಾಗ ಆ ಅಲ್ಪವಿರಾಮ. ಅದನ್ನು ಮರೆತು ಪಟ್ಟಿ[3] ಎಂದು ಬರೆದರೆ ಮೂರನೆಯ ಮಗು ಬರುವುದಿಲ್ಲ, ಮೂರನೆಯ ಕಂಬಸಾಲು ಬರುತ್ತದೆ. ಯಂತ್ರ ತಪ್ಪು ಎಂದು ಕೂಗುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ನಾವು ಕೇಳಬೇಕೆಂದಿದ್ದಕ್ಕೆ ಅಲ್ಲ. ಕನ್ನಡ ಮೇಷ್ಟ್ರಾಗಿ ಅಲ್ಪವಿರಾಮದ ಮಹತ್ವವನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ನನಗೆ ಅದು ಸರಿಯಾಗಿ ಮನದಟ್ಟಾದದ್ದು ಇಲ್ಲಿ.

ಸಂಖ್ಯೆಯಿಂದ ಆರಿಸುವುದು ಸುಲಭ, ಆದರೆ ಅಪಾಯದ ಕೆಲಸ. ಒಂದು ಉದಾಹರಣೆ ಕೊಡುತ್ತೇನೆ. ಉರ್ದುವಿನಲ್ಲಿ ನಾನು ತಯಾರಿಸುವ ಅಂಕಪಟ್ಟಿ ಬಲದಿಂದ ಎಡಕ್ಕೆ ಹೋಗುತ್ತದೆ. ಅದರ 'ಮೊದಲ ಕಾಲಂ' ಬಲ ತುದಿಯಲ್ಲಿದೆ. ಕನ್ನಡದ ಪಟ್ಟಿ ಎಡದಿಂದ ಬಲಕ್ಕೆ. ಅದರ 'ಮೊದಲ ಕಾಲಂ' ಎಡ ತುದಿಯಲ್ಲಿದೆ. 'ಎರಡನೆಯ ಕಾಲಂ ನಕಲು ಮಾಡಿ ಕಳಿಸಿ' ಎಂದು ಎರಡೂ ವಿಭಾಗದ ಶಿಕ್ಷಕರಿಗೆ ಹೇಳಿ ನೋಡಿ, ಏನಾಗುತ್ತದೆಂದು! ಅದೇ 'ಗಣಿತದ ಕಾಲಂ ಕಳಿಸಿ' ಎಂದರೆ ಇಬ್ಬರೂ ಒಂದನ್ನೇ ಕಳಿಸುತ್ತಾರೆ. ಆದ್ದರಿಂದ ಪಟ್ಟಿ[, 4] ಎನ್ನುವುದಕ್ಕಿಂತ ಪಟ್ಟಿ[, "ಗಣಿತ"] ಎನ್ನುವುದು ಉತ್ತಮ. ಎರಡು ಕಾಲಂ ಬೇಕಿದ್ದರೆ 'ಸಿ' ಎಂಬ ಒಂದಕ್ಷರದ ಆಜ್ಞೆಯಿಂದ ಕಟ್ಟಬೇಕು: ಪಟ್ಟಿ[, ಸಿ("ರೋಲ್", "ಗಣಿತ")].

ಅಡ್ಡಸಾಲಿಗೂ ಇದೇ ಮಾತು. ಇಂದು ನಾಲ್ಕನೆಯ ಸಾಲಿನಲ್ಲಿರುವ ಮಗು, ನಾಳೆ ಯಾರೋ ಪಟ್ಟಿಯನ್ನು ಅಂಕದ ಕ್ರಮದಲ್ಲಿ ಜೋಡಿಸಿದರೆ ಎರಡನೆಯ ಸಾಲಿಗೆ ಹೋಗಬಹುದು. ಪಟ್ಟಿ[4, ] ಎಂದು ಬರೆದಿಟ್ಟವನು ಬೇರೊಂದು ಮಗುವಿನ ಸಾಲನ್ನು ಎತ್ತುತ್ತಾನೆ. ಜಾಗ ಬದಲಾಗುತ್ತದೆ, ಗುರುತು ಬದಲಾಗುವುದಿಲ್ಲ. ನಮ್ಮ ರಾಜ್ಯದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ ಕೊಡುವುದು ಇದಕ್ಕೇ. ಆದ್ದರಿಂದ ಪಟ್ಟಿ[ಪಟ್ಟಿ$ರೋಲ್ == 14, ] ಎಂದು ಗುರುತಿನಿಂದ ಕೇಳಿ. ಡಾಲರ್ ಚಿಹ್ನೆ 'ಈ ಪಟ್ಟಿಯ ಈ ಕಾಲಂ' ಎಂದು ಹೇಳುತ್ತದೆ. ಸಮ ಚಿಹ್ನೆ ಎರಡು ಇರುವುದು ಕೈತಪ್ಪಿನಿಂದಲ್ಲ. ಒಂದೇ ಇದ್ದರೆ ಅದು 'ಹೀಗೆ ಇರಿಸು' ಎಂಬ ಆಜ್ಞೆ, ಎರಡಿದ್ದರೆ 'ಹೀಗೆ ಇದೆಯೇ' ಎಂಬ ಪ್ರಶ್ನೆ.

ಪೈಥಾನ್ ಕಲಿಯುತ್ತಿರುವ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಮಾತು. ವೆಸ್ ಮೆಕಿನ್ನಿ ಅವರು 2008ರಲ್ಲಿ ಆರಂಭಿಸಿದ 'ಪಾಂಡಾಸ್' ಇದೇ ಕೆಲಸವನ್ನು ಪೈಥಾನಿನಲ್ಲಿ ಮಾಡುತ್ತದೆ. ಅಲ್ಲಿ ಜಾಗದಿಂದ ಆರಿಸಲು 'ಐಲೋಕ್', ಹೆಸರಿನಿಂದ ಆರಿಸಲು 'ಲೋಕ್' ಎಂದು ಎರಡು ಬಾಗಿಲುಗಳೇ ಬೇರೆ. ಆರ್ ಎಣಿಕೆಯನ್ನು ಒಂದರಿಂದ ಆರಂಭಿಸಿದರೆ ಪೈಥಾನ್ ಸೊನ್ನೆಯಿಂದ ಆರಂಭಿಸುತ್ತದೆ. ಆರ್‌ನಲ್ಲಿ ಕಂಬಸಾಲಿನ ಜಾಗದಲ್ಲಿ -1 ಬರೆದರೆ 'ಮೊದಲನೆಯದನ್ನು ಬಿಟ್ಟು ಉಳಿದದ್ದೆಲ್ಲ' ಎಂದರ್ಥ. ಪೈಥಾನಿನ ಐಲೋಕ್‌ನಲ್ಲಿ -1 ಎಂದರೆ 'ಕೊನೆಯದು'. ಒಂದೇ ಗುರುತು, ಎರಡು ಅರ್ಥ. ಎರಡು ಭಾಷೆ ಕಲಿಸುವವನಿಗೆ ಇದರಲ್ಲಿ ಹೊಸತೇನೂ ಇಲ್ಲ. ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದೇನೆ ಎಂಬ ಎಚ್ಚರ ಇದ್ದರೆ ಸಾಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಆರಿಸುವ ಕೆಲಸದ ನಿಜವಾದ ಶಕ್ತಿ ಇರುವುದು ಷರತ್ತಿನಲ್ಲಿ. 'ಕನ್ನಡದಲ್ಲಿ 35ಕ್ಕಿಂತ ಕಡಿಮೆ ಬಂದವರು ಯಾರು?' ಎಂಬುದನ್ನು ಹೀಗೆ ಕೇಳಬೇಕು: ಪಟ್ಟಿ[ಪಟ್ಟಿ$ಕನ್ನಡ < 35, ]. ಒಳಗೆ ನಡೆಯುವುದು ಇಷ್ಟೇ. ಯಂತ್ರ ಪ್ರತಿ ಮಗುವಿನ ಮುಂದೆ ನಿಂತು 'ನಿನ್ನದು 35ಕ್ಕಿಂತ ಕಡಿಮೆಯೇ?' ಎಂದು ಕೇಳುತ್ತದೆ. ಅಲ್ಲ, ಹೌದು, ಅಲ್ಲ, ಅಲ್ಲ, ಅಲ್ಲ ಎಂದು ಐದು ಉತ್ತರ ಬರುತ್ತವೆ. 'ಹೌದು' ಎಂದ ಸಾಲನ್ನು ಮಾತ್ರ ಕೈಗೆ ಕೊಡುತ್ತದೆ. ರೋಲ್ ನಂಬರ್ 12.

ಈಗ ಅದೇ ಪ್ರಶ್ನೆಯನ್ನು ಗಣಿತಕ್ಕೆ ಕೇಳಿ. 11ನೆಯ ಮಗು ಅಲ್ಲ, 12 ಅಲ್ಲ, 13 ಹೌದು. 14? ಅಲ್ಲಿ ಅಂಕವೇ ಇಲ್ಲ. ಹೌದು ಎನ್ನಲಾಗದು, ಅಲ್ಲ ಎನ್ನಲೂ ಆಗದು. ಆರ್ ಭಾಷೆ ಇಂಥ ಮನೆಗೆ 'ಎನ್ಎ' ಎಂದು ಗುರುತು ಹಾಕುತ್ತದೆ, ಅಂದರೆ 'ಲಭ್ಯವಿಲ್ಲ'. ಲಭ್ಯವಿಲ್ಲದ್ದು 35ಕ್ಕಿಂತ ಕಡಿಮೆಯೇ ಎಂದು ಕೇಳಿದರೆ ಉತ್ತರವೂ 'ಲಭ್ಯವಿಲ್ಲ'. ಪರಿಣಾಮವಾಗಿ ಬರುವ ಕೋಷ್ಟಕದಲ್ಲಿ 13ರ ಸಾಲಿನ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಅದರ ಎಲ್ಲ ಮನೆಗಳಲ್ಲೂ ಎನ್ಎ. ಉರ್ದುವಿನ 55 ಇಲ್ಲ, ಕನ್ನಡದ 47 ಇಲ್ಲ, ರೋಲ್ ನಂಬರ್ ಕೂಡ ಇಲ್ಲ. ಒಂದು ಪರೀಕ್ಷೆಗೆ ಬಾರದ ಮಗು ತನ್ನ ಗುರುತನ್ನೇ ಕಳೆದುಕೊಂಡು ನಿಂತಿರುತ್ತದೆ. ಆದರೂ ಆರ್ ಭಾಷೆ ಒಂದು ಉಪಕಾರ ಮಾಡಿದೆ ಎನ್ನಬೇಕು. 'ಇಲ್ಲಿ ಯಾರೋ ಇದ್ದಾರೆ, ಯಾರೆಂದು ನೀನು ನೋಡು' ಎಂದು ಸೂಚನೆ ಕೊಟ್ಟಿದೆ. ಪಾಂಡಾಸ್‌ನಲ್ಲಿ ಖಾಲಿ ಮನೆಯ ಉತ್ತರ ನೇರವಾಗಿ 'ಅಲ್ಲ' ಎಂದಾಗುತ್ತದೆ, ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. ನಾವೆಲ್ಲ ಬಳಸುವ ಎಕ್ಸೆಲ್‌ನಲ್ಲಿ '35ಕ್ಕಿಂತ ಕಡಿಮೆ' ಎಂದು ಸೋಸಿದರೂ ಹಾಗೆಯೇ. ಖಾಲಿ ಮನೆಯ ಮಗು ಪಟ್ಟಿಯಲ್ಲಿ ಇರುವುದಿಲ್ಲ.

ಈಗ ಆ ಹುಡುಗನ ವಿಷಯ.

ಕೆಲವು ವರ್ಷಗಳ ಹಿಂದೆ ನಾನು ಎಂಟನೆಯ ತರಗತಿಯ ತರಗತಿ ಶಿಕ್ಷಕನಾಗಿದ್ದೆ. ಕಿರು ಪರೀಕ್ಷೆ ಮುಗಿದಿತ್ತು. ಹಿಂದುಳಿದ ಮಕ್ಕಳಿಗೆ ಸಂಜೆ ಪರಿಹಾರ ಬೋಧನೆ ಮಾಡಬೇಕೆಂದು ನಿಶ್ಚಯವಾಯಿತು. ಅಂಕಗಳನ್ನು ನಾನೇ ಎಕ್ಸೆಲ್‌ಗೆ ತುಂಬಿ, 35ನ್ನು ಗೆರೆಯಾಗಿ ಇಟ್ಟುಕೊಂಡು, ಅದಕ್ಕಿಂತ ಕೆಳಗಿದ್ದವರನ್ನು ಸೋಸಿ, ಹೆಸರುಗಳನ್ನು ಅಚ್ಚುಮಾಡಿ ಸೂಚನಾ ಫಲಕಕ್ಕೆ ಅಂಟಿಸಿದೆ. ಹತ್ತು ನಿಮಿಷದ ಕೆಲಸ. ಹಿಂದೆ ಇದಕ್ಕೇ ಒಂದು ಸಂಜೆ ಹಿಡಿಯುತ್ತಿತ್ತು. ನನಗೆ ಹೆಮ್ಮೆ ಎನಿಸಿತ್ತು.

ಒಂದೂವರೆ ತಿಂಗಳ ನಂತರ ಹಾಜರಿ ಪುಸ್ತಕ ಕೂಡುವಾಗ ಒಬ್ಬ ಹುಡುಗನ ಸಾಲಿನಲ್ಲಿ ಗೈರುಹಾಜರಿಯ ಗುರುತುಗಳೇ ಕಂಡವು. ಮನೆ ಹುಡುಕಿಕೊಂಡು ಹೋದೆ. ಹುಡುಗ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದ. ಅವನ ತಾಯಿ ನನ್ನನ್ನು ಕೂರಿಸಿ ಚಹಾ ಕೊಟ್ಟರು. ಏಕೆ ಕಳಿಸುತ್ತಿಲ್ಲ ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು: "ಕಷ್ಟ ಇರೋ ಮಕ್ಕಳ ಲಿಸ್ಟ್ ಹಾಕಿದ್ದಾರೆ, ನಿನ್ನ ಹೆಸರು ನೋಡ್ಕೊಂಡು ಬಾ ಅಂದೆ ಮಾಸ್ಟರ್ ಸಾಬ್. ಇಲ್ಲ ಅಂದ. ಹೆಸರಿಲ್ಲ ಅಂದ್ರೆ ಚೆನ್ನಾಗಿ ಓದ್ತಾ ಇದ್ದಾನೆ ಅಂತ ತಿಳ್ಕೊಂಡ್ವಿ. ನಾಲ್ಕು ದಿನ ಕೆಲಸಕ್ಕೆ ಹೋದ್ರೆ ಏನೂ ಆಗಲ್ಲ ಅಂತ ಕಳಿಸಿದ್ವಿ."

ನನ್ನ ಬಾಯಲ್ಲಿ ಮಾತು ಬರಲಿಲ್ಲ. ಆ ಹುಡುಗ ಪರೀಕ್ಷೆಗೇ ಬಂದಿರಲಿಲ್ಲ. ಅವನ ಮನೆ ಖಾಲಿಯಿತ್ತು. 34 ಬಂದವನನ್ನು ನನ್ನ ಪಟ್ಟಿ ಹಿಡಿದುಕೊಂಡಿತು. ಏನೂ ಬಾರದವನನ್ನು ಬಿಟ್ಟುಬಿಟ್ಟಿತು. ಎಲ್ಲರಿಗಿಂತ ಹೆಚ್ಚು ಅಗತ್ಯವಿದ್ದ ಮಗುವನ್ನು ನಾನೇ, ನನ್ನ ಕೈಯಾರೆ, ಒಂದು ಗುಂಡಿ ಒತ್ತಿ ಹೊರಗಿಟ್ಟಿದ್ದೆ. ಯಂತ್ರದ ಮೇಲೆ ತಪ್ಪು ಹೊರಿಸಲಾರೆ. ಅದು ನಾನು ಕೇಳಿದ್ದಕ್ಕೇ ಉತ್ತರ ಕೊಟ್ಟಿತ್ತು.

ಆ ವರ್ಷ ಅವನು ಮರಳಲಿಲ್ಲ. ಮತ್ತೆ ಮತ್ತೆ ಹೋಗಿ ಮಾತನಾಡಿದ ಮೇಲೆ ಮುಂದಿನ ಜೂನ್‌ನಲ್ಲಿ ಸೇತುಬಂಧ ಶುರುವಾಗುವ ಹೊತ್ತಿಗೆ ಬಂದ. ಬಂದದ್ದು ಸಂತೋಷವೇ. ಆದರೆ ಜೊತೆಯವರು ಒಂಬತ್ತಕ್ಕೆ ಹೋಗಿದ್ದರು. ಹದಿಮೂರು ವರ್ಷದ ಹುಡುಗನಿಗೆ ಒಂದು ವರ್ಷ ಎಂದರೆ ಎಷ್ಟು ಎಂಬುದು ಇಲ್ಲಿ ಕುಳಿತಿರುವ ಶಿಕ್ಷಕರಿಗೆ ಗೊತ್ತು. ಅಂದೇ ನಾನು ಈ ವಿಷಯವನ್ನು ಸರಿಯಾಗಿ ಕಲಿಯಬೇಕೆಂದು ನಿರ್ಧರಿಸಿದೆ. ಮೂವತ್ತು ದಾಟಿದ ಭಾಷಾ ಶಿಕ್ಷಕ ಆರ್ ಭಾಷೆ ಕಲಿಯಲು ಹೋದದ್ದು ಹೀಗೆ.

ನಾನು ಏನು ಕೇಳಬೇಕಾಗಿತ್ತು? ಮೊದಲನೆಯದಾಗಿ, ಖಾಲಿ ಮನೆಗಳನ್ನೇ ಆರಿಸಬೇಕಾಗಿತ್ತು: ಪಟ್ಟಿ[ಈಸ್.ಎನ್ಎ(ಪಟ್ಟಿ$ಗಣಿತ), ]. 'ಗಣಿತದ ಮನೆ ಖಾಲಿ ಇರುವವರು ಯಾರು' ಎಂದು ಇದರ ಅರ್ಥ. ರೋಲ್ ನಂಬರ್ 14 ತನ್ನ ಪೂರ್ತಿ ಸಾಲಿನೊಂದಿಗೆ ಬರುತ್ತದೆ. ಇದರ ಜೊತೆಗೇ 35ರ ಷರತ್ತನ್ನೂ ಸೇರಿಸಬಹುದು: ಪಟ್ಟಿ[ಈಸ್.ಎನ್ಎ(ಪಟ್ಟಿ$ಗಣಿತ) | ಪಟ್ಟಿ$ಗಣಿತ < 35, ]. ನಡುವೆ ಇರುವ ನೆಟ್ಟಗಿನ ಗೆರೆ 'ಅಥವಾ' ಎಂಬುದರ ಗುರುತು. ಈಗ 13 ಮತ್ತು 14 ಎರಡೂ ಬರುತ್ತವೆ.

ಎರಡನೆಯದಾಗಿ, ಒಂದೇ ಕಂಬಸಾಲನ್ನು ನಂಬಬಾರದಾಗಿತ್ತು. ಪಟ್ಟಿ[ಪಟ್ಟಿ$ಗಣಿತ < 35 | ಪಟ್ಟಿ$ಹಾಜರಿ < 75, ] ಎಂದು ಕೇಳಿ ನೋಡಿ. 14ರ ಗಣಿತ ತಿಳಿಯದು, ಆದರೆ ಹಾಜರಿ 64. 'ಅಥವಾ' ಎಂದ ಮೇಲೆ ಎರಡರಲ್ಲಿ ಒಂದು ನಿಜವಾದರೆ ಸಾಕು, ಇನ್ನೊಂದು ತಿಳಿಯದಿದ್ದರೂ ಉತ್ತರ ಹೌದು. ಒಂದು ಕಾಲಂ ಕೈಬಿಟ್ಟ ಮಗುವನ್ನು ಇನ್ನೊಂದು ಕಾಲಂ ಹಿಡಿದುಕೊಂಡಿತು. ಅದೇ ಜಾಗದಲ್ಲಿ 'ಮತ್ತು' ಎಂಬುದರ ಗುರುತಾದ & ಹಾಕಿದರೆ ಎರಡೂ ನಿಜವಾಗಬೇಕು. 14ರ ಉತ್ತರ ಮತ್ತೆ 'ಲಭ್ಯವಿಲ್ಲ' ಎಂದಾಗುತ್ತದೆ.

ಈ 'ಮತ್ತು', 'ಅಥವಾ' ಬಗ್ಗೆ ಭಾಷಾ ಶಿಕ್ಷಕನಾಗಿ ಒಂದು ಎಚ್ಚರಿಕೆ. ನಾವು ಆಡುಮಾತಿನಲ್ಲಿ 'ಏಳು ಮತ್ತು ಎಂಟನೆಯ ತರಗತಿಯ ಮಕ್ಕಳು ಬನ್ನಿ' ಎನ್ನುತ್ತೇವೆ. ಅದನ್ನೇ ಯಂತ್ರಕ್ಕೆ & ಹಾಕಿ ಹೇಳಿದರೆ ಒಂದು ಮಗುವೂ ಬರುವುದಿಲ್ಲ. ಏಕಕಾಲಕ್ಕೆ ಏಳರಲ್ಲೂ ಎಂಟರಲ್ಲೂ ಇರುವ ಮಗು ಎಲ್ಲಿದೆ? ನಮ್ಮ ಬಾಯಿಯ 'ಮತ್ತು' ಅಲ್ಲಿ 'ಅಥವಾ' ಆಗಬೇಕು.

ಇದೆಲ್ಲ ಒಂದು ಹಳ್ಳಿ ಶಾಲೆಯ ಸಣ್ಣ ವಿಷಯ ಎಂದು ತಿಳಿಯಬೇಡಿ. ಇಡೀ ದೇಶದ ಕೋಷ್ಟಕದಲ್ಲೂ ಇದೇ ತಪ್ಪು ನಡೆದಿದೆ. 2001ರ ಜನಗಣತಿಯ ಧರ್ಮವಾರು ಅಂಕಿ ಅಂಶಗಳು 2004ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದವು. 1991ರಿಂದ 2001ರ ನಡುವೆ ಮುಸ್ಲಿಮರ ಸಂಖ್ಯೆ ಶೇ. 36ರಷ್ಟು ಏರಿದೆ ಎಂಬ ಅಂಕಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ದೇಶದಾದ್ಯಂತ ವಾದವಿವಾದ ಎದ್ದಿತು. ವಿಷಯ ಏನೆಂದರೆ, ಅಲ್ಲಿನ ಪರಿಸ್ಥಿತಿಯ ಕಾರಣದಿಂದ 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಜನಗಣತಿಯೇ ನಡೆದಿರಲಿಲ್ಲ. 1991ರ ಕೋಷ್ಟಕದಲ್ಲಿ ಆ ಸಾಲು ಖಾಲಿ, 2001ರ ಕೋಷ್ಟಕದಲ್ಲಿ ತುಂಬಿದೆ. ಮೊದಲಿನಿಂದಲೂ ಇದ್ದ ಜನರು ಹತ್ತು ವರ್ಷದಲ್ಲಿ ಹೊಸದಾಗಿ ಹುಟ್ಟಿದವರಂತೆ ಲೆಕ್ಕಕ್ಕೆ ಬಂದರು. 1981ರಲ್ಲಿ ಅಸ್ಸಾಮಿನಲ್ಲಿಯೂ ಗಣತಿ ನಡೆದಿರಲಿಲ್ಲ. ಈ ಎರಡೂ ರಾಜ್ಯಗಳ ಸಾಲನ್ನು ಎಲ್ಲ ಕಡೆ ಬಿಟ್ಟು ಲೆಕ್ಕ ಹಾಕಿದಾಗ ಶೇ. 36 ಇದ್ದದ್ದು ಶೇ. 29.3ಕ್ಕೆ ಇಳಿಯಿತು. ಹಿಂದಿನ ದಶಕದ ಪ್ರಮಾಣಕ್ಕಿಂತ ಇದು ಕಡಿಮೆಯೇ. ಜನಗಣತಿ ಇಲಾಖೆಯೇ ಕೆಲವೇ ದಿನಗಳಲ್ಲಿ ಸರಿಪಡಿಸಿದ ಅಂಕಿಯನ್ನು ಮುಂದಿಟ್ಟಿತು. ಆದರೆ ಮೊದಲು ಓಡಿದ ಸುದ್ದಿಯನ್ನು ಹಿಂದಿನಿಂದ ಹೋದ ತಿದ್ದುಪಡಿ ಹಿಡಿಯುವುದು ಕಷ್ಟ. ಖಾಲಿ ಸಾಲನ್ನು ಸೊನ್ನೆ ಎಂದು ತಿಳಿದದ್ದೇ ಇಲ್ಲಿ ಆದ ಅನಾಹುತ. ನನ್ನ ಹುಡುಗನ ವಿಷಯದಲ್ಲಿ ಖಾಲಿ ಮನೆಯನ್ನು 'ತೊಂದರೆಯಿಲ್ಲ' ಎಂದು ತಿಳಿದೆ. ಎರಡೂ ಒಂದೇ ಜಾತಿಯ ತಪ್ಪು.

ನಮಗೆ ಅನುಕೂಲವಾದ ಸಾಲನ್ನು ಆರಿಸಿ ಸುಮ್ಮನಾಗುವುದೂ ತಪ್ಪೇ. ಅದೇ 2001ರ ಗಣತಿಯಲ್ಲಿ ದೇಶದ ಒಟ್ಟು ಸಾಕ್ಷರತೆ ಶೇ. 64.8 ಇದ್ದರೆ ಮುಸ್ಲಿಮರದ್ದು ಶೇ. 59.1. ಕರ್ನಾಟಕದ ಸಾಲನ್ನು ಆರಿಸಿದರೆ ಚಿತ್ರ ಬದಲಾಗುತ್ತದೆ. ರಾಜ್ಯದ ಒಟ್ಟು ಪ್ರಮಾಣ ಶೇ. 66.6, ಮುಸ್ಲಿಮರದ್ದು ಶೇ. 70.1. ಇದನ್ನು ಕೇಳಿ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಇನ್ನೊಂದು ಕಾಲಂ ನೋಡಿ. ಕರ್ನಾಟಕದ ಮುಸ್ಲಿಮರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳು. ರಾಜ್ಯದ ಪಟ್ಟಣಗಳ ಸಾಕ್ಷರತೆ ಆಗ ಶೇ. 80ಕ್ಕಿಂತ ಸ್ವಲ್ಪ ಮೇಲಿತ್ತು, ಹಳ್ಳಿಗಳದ್ದು ಶೇ. 60ಕ್ಕಿಂತ ಕೆಳಗಿತ್ತು. ಹಳ್ಳಿ ಪಟ್ಟಣ ಬೆರೆಸಿದ ಸರಾಸರಿಯೊಡನೆ ಹೋಲಿಸಿ ಗೆದ್ದೆವೆಂದುಕೊಂಡರೆ ಆ ಗೆಲುವಿನಲ್ಲಿ ಒಂದು ಪಾಲು ಪಟ್ಟಣವಾಸದ್ದು. ಪಟ್ಟಣದ ಸಾಲನ್ನು ಪಟ್ಟಣದ ಸಾಲಿನೊಡನೆ, ಹಳ್ಳಿಯ ಸಾಲನ್ನು ಹಳ್ಳಿಯ ಸಾಲಿನೊಡನೆ ಇಟ್ಟು ನೋಡಬೇಕು. ಸಾಕ್ಷರತೆಯ ಕಾಲಂ ದಾಟಿ ಪದವಿಯ ಕಾಲಂಗೂ ಹೋಗಬೇಕು. 2005ರಲ್ಲಿ ನೇಮಕವಾಗಿ 2006ರ ನವೆಂಬರ್‌ನಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ ಮಾಡಿದ ದೊಡ್ಡ ಕೆಲಸ ಇದೇ. ಇಪ್ಪತ್ತು ವರ್ಷ ದಾಟಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ದೇಶದಲ್ಲಿ ಸುಮಾರು ಶೇ. 7 ಇದ್ದರೆ ಮುಸ್ಲಿಮರಲ್ಲಿ ಶೇ. 4ಕ್ಕಿಂತ ಕಡಿಮೆ ಎಂದು ಅದು ತೋರಿಸಿತು. ಭಾಷಣದಿಂದಲ್ಲ, ಕೋಷ್ಟಕದಿಂದ.

ಆದ್ದರಿಂದ ವಿದ್ಯಾರ್ಥಿಗಳೇ, ಆರಿಸುವುದೆಂದರೆ ಗುಂಡಿ ಒತ್ತುವುದಲ್ಲ, ಪ್ರಶ್ನೆ ಕೇಳುವುದು. ಎರಡು ಚೌಕ ಆವರಣ, ಒಂದು ಅಲ್ಪವಿರಾಮ ಕಲಿಯಲು ಒಂದು ಗಂಟೆ ಸಾಕು. ಏನನ್ನು ಕೇಳಬೇಕೆಂದು ಕಲಿಯಲು ಸಮಯ ಹಿಡಿಯುತ್ತದೆ. ನಾನು ಈಗ ಪಾಲಿಸುತ್ತಿರುವ ಕೆಲವು ಕ್ರಮಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ಯಾವ ಕೋಷ್ಟಕ ಕೈಗೆ ಬಂದರೂ ಮೊದಲು ಖಾಲಿ ಮನೆಗಳನ್ನು ಆರಿಸಿ ನೋಡುತ್ತೇನೆ. ಅಂಕ ಆಮೇಲೆ.

ಎರಡು, ಜಾಗದಿಂದ ಆರಿಸುವುದಿಲ್ಲ. ಕಾಲಂಗೆ ಹೆಸರು, ಮಗುವಿಗೆ ಅದರ ಸಂಖ್ಯೆ.

ಮೂರು, ಆರಿಸಿದ ಮೇಲೆ ಎಣಿಸುತ್ತೇನೆ. ತರಗತಿಯಲ್ಲಿ 42 ಮಕ್ಕಳಿದ್ದು, 35ಕ್ಕಿಂತ ಮೇಲಿನವರು 30, ಕೆಳಗಿನವರು 11 ಎಂದು ಬಂದರೆ ಮೊತ್ತ 41. ಉಳಿದ ಆ ಒಬ್ಬ ಯಾರು? ಈ ಒಂದು ಕೂಡುವ ಲೆಕ್ಕ ಅಂದು ಮಾಡಿದ್ದರೆ ಸಾಕಾಗಿತ್ತು.

ನಾಲ್ಕು, ಹೊರಗುಳಿದ ಸಾಲುಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡುತ್ತೇನೆ. ಆರಿಸಿದ್ದಷ್ಟೇ ಮುಖ್ಯ ಬಿಟ್ಟದ್ದು.

ಐದು, ಪಟ್ಟಿಯನ್ನು ಫಲಕಕ್ಕೆ ಅಂಟಿಸಿ ಸುಮ್ಮನಾಗುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿರುವುದಕ್ಕೆ ಏನು ಅರ್ಥ ಎಂಬುದನ್ನು ಪೋಷಕರಿಗೆ ಬಾಯಿಬಿಟ್ಟು ಹೇಳುತ್ತೇನೆ.

ಗಣಕಯಂತ್ರ ಇಲ್ಲದ ಶಾಲೆಯಲ್ಲೂ ಇವೆಲ್ಲ ಸಾಧ್ಯ. ಹಾಜರಿ ಪುಸ್ತಕ, ಕೆಂಪು ಶಾಯಿ, ಒಂದು ಅಡಿಕೋಲು ಇದ್ದರೆ ಸಾಕು. ಯಂತ್ರ ಇದ್ದರೆ ನೂರಾರು ಮಕ್ಕಳಿಗೆ ಇದನ್ನು ಕ್ಷಣದಲ್ಲಿ ಮಾಡಬಹುದು, ಅಷ್ಟೇ ವ್ಯತ್ಯಾಸ. ಸಂಘದಿಂದ ಮುಂದೆ ವಿದ್ಯಾರ್ಥಿವೇತನದ ಪಟ್ಟಿಯೋ, ಪುಸ್ತಕ ವಿತರಣೆಯ ಪಟ್ಟಿಯೋ ತಯಾರಿಸುವ ಯುವಕ ಯುವತಿಯರು ಇಲ್ಲಿ ಕುಳಿತಿದ್ದೀರಿ. ನಿಮ್ಮ ಕೈಯಲ್ಲಿರುವ ಒಂದೊಂದು ಅಡ್ಡಸಾಲಿನ ಹಿಂದೆ ಒಂದು ಮನೆ, ಒಬ್ಬ ತಾಯಿ ಇದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಅವರು ನಿಮ್ಮನ್ನು ನಂಬುತ್ತಾರೆ, ಪ್ರಶ್ನಿಸುವುದಿಲ್ಲ.

ಸಭೆ ಮುಗಿದ ಮೇಲೆ ಸಾಧ್ಯವಾದವರು ಆ ಹಳೆಯ ದಿಬ್ಬದ ಕಡೆ ಒಂದು ಸುತ್ತು ಹೋಗಿ ಬನ್ನಿ. ಉತ್ಖನನ ಮಾಡುವವರು ಏನೂ ಸಿಗದ ಚೌಕವನ್ನೂ ದಾಖಲೆಯಲ್ಲಿ ಬರೆಯುತ್ತಾರೆ: ಇಲ್ಲಿ ಅಗೆದೆವು, ಏನೂ ದೊರೆಯಲಿಲ್ಲ ಎಂದು. ಅಗೆಯದ ಚೌಕವನ್ನು ಅಗೆದಿಲ್ಲ ಎಂದೇ ಗುರುತಿಸುತ್ತಾರೆ. ಅಗೆದು ಸಿಗದಿರುವುದು ಬೇರೆ, ಅಗೆಯದೇ ಇರುವುದು ಬೇರೆ. ಮಣ್ಣಿನ ಸ್ತೂಪಗಳಿಗೆ ಅಷ್ಟು ಎಚ್ಚರ ವಹಿಸುವುದಾದರೆ ನಮ್ಮ ಮಕ್ಕಳಿಗೆ ಅದಕ್ಕಿಂತ ಕಡಿಮೆ ವಹಿಸಲಾಗದು.

ನಾಳೆ ಶಾಲೆಗೆ ಹೋದಾಗ ನಿಮ್ಮ ತರಗತಿಯ ಪಟ್ಟಿ ತೆರೆಯಿರಿ. ಅತಿ ಹೆಚ್ಚು ಅಂಕ ಯಾರದ್ದೆಂದು ಆಮೇಲೆ ನೋಡಬಹುದು. ಮೊದಲು ಖಾಲಿ ಮನೆ ಯಾರದ್ದೆಂದು ನೋಡಿ, ಸಂಜೆಯೊಳಗೆ ಆ ಮಗುವಿನ ಮನೆಗೆ ಹೋಗಿ ಬನ್ನಿ.